ಯಾರ ಗಡಿಯಾರ

ಸಾಲಗಾಮೆ ರಸ್ತೆಯ ಆ ನೆಲಮಾಳಿಗೆಯಲ್ಲಿ
ಇರುವುದು ಒಂದೇ ಯಂತ್ರ, ಬೀರುವಿನಷ್ಟು ಎತ್ತರ.
ಅದರ ಹೊಟ್ಟೆಯಲ್ಲಿ ನಲವತ್ತು ಇಲ್ಲದ ಯಂತ್ರಗಳು;
ಪ್ರತಿಯೊಂದಕ್ಕೂ ಇಡೀ ಮನೆ ತನ್ನದೇ ಎಂಬ ನಂಬಿಕೆ.
ಪಿಂಚಣಿಯ ಲೆಕ್ಕಕ್ಕೆ ಗೊತ್ತಿಲ್ಲ
ಬಿತ್ತನೆ ಆಲೂಗೆಡ್ಡೆಯ ಲೆಕ್ಕ ಪಕ್ಕದಲ್ಲೇ ಉಸಿರಾಡುವುದು.

ಆದರೂ ಒಂದಕ್ಕೊಂದು ಮಾತಾಡಲೇಬೇಕು.
ಯಾವ ದಾರಿಯಲ್ಲಿ ಆಡಿದರೆ ಎಷ್ಟು ಬೇಗ
ಅಳೆದು ಕೊಡಮ್ಮ ಅಂದರು.
ಹದಿನೈದು ದಿನ, ರಾತ್ರಿ ಪಾಳಿ.

ಮೊದಲು ನೆಟ್‌ವರ್ಕು. ಮರ್ಯಾದಸ್ಥ, ಎಲ್ಲರಿಗೂ ಪರಿಚಿತ,
ಆದರೆ ಪಕ್ಕದ ಕೋಣೆಯಿಂದ ಉಪ್ಪು ಕೇಳಲು
ಅರಸೀಕೆರೆಗೆ ಹೋಗಿ ರೈಲು ಬದಲಿಸಿ ಬಂದ ಹಾಗೆ.
ಮುನ್ನೂರ ಹನ್ನೆರಡು ಮೈಕ್ರೋಸೆಕೆಂಡು.

ಆಮೇಲೆ ಸರದಿ: ಚೀಟಿ ಬರೆದು ತಟ್ಟೆಗೆ ಹಾಕು,
ಅವನು ಎದ್ದಾಗ ಎತ್ತಿಕೊಳ್ಳಲಿ.
ತೊಂಬತ್ತು, ಒಮ್ಮೊಮ್ಮೆ ನೂರು. ಒಂದು ಚೀಟಿಯೂ ಕಳೆಯಲಿಲ್ಲ.

ಎಲ್ಲರ ಮೇಲೆ ಕೂತು ಎಲ್ಲರನ್ನೂ ಆಳುವ
ಆ ಮೇಲ್ವಿಚಾರಕನ ಕೈಗೇ ಕೊಟ್ಟು ದಾಟಿಸಿದೆ:
ಹದಿನಾಲ್ಕು.
ಮತ್ತೆ ಹದಿನಾಲ್ಕು. ಆಕಳಿಕೆ ಬರುವಷ್ಟು ಹದಿನಾಲ್ಕು.

ಕೊನೆಗೆ, ಹಂಚಿಕೊಂಡ ನೆನಪು.

ನನ್ನಪ್ಪ ಸಂತೇಪೇಟೆಯಲ್ಲಿ ಎತ್ತಿನ ದಲ್ಲಾಳಿ.
ಟವೆಲ್ಲಿನ ಅಡಿ ಎರಡು ಕೈ, ಬೆರಳಿಗೆ ಬೆರಳು,
ಬಾಯಲ್ಲಿ ಎಲೆಯಡಿಕೆ, ಯಾರದೋ ಮದುವೆಯ ಸುದ್ದಿ,
ಕೆಳಗೆ ಸಾವಿರ, ಐನೂರು, ಇನ್ನೊಂದು ಗೆಣ್ಣು.
ಮಾತನ್ನು ಎಲ್ಲಿಗೂ ಸಾಗಿಸಬೇಕಿಲ್ಲ,
ಇಬ್ಬರ ಕೈಯೂ ಅಲ್ಲೇ ಇದೆ.
ಷರತ್ತು ಒಂದೇ: ಒಂದು ಸಲಕ್ಕೆ ಒಬ್ಬನೇ ಒತ್ತಬೇಕು.
ಅದಕ್ಕೊಂದು ಬೀಗ.
ಎರಡು ಮೈಕ್ರೋಸೆಕೆಂಡು! ಬರೀ ಎರಡು!

ಬೆಳಗಿನ ಜಾವ ಮೂರೂವರೆ, ಏಸಿಯ ಚಳಿಗೆ
ಶಾಲು ಹೊದ್ದು ಒಬ್ಬಳೇ ಚಪ್ಪಾಳೆ ತಟ್ಟಿದೆ.
ಗ್ರಾಫಿನಲ್ಲಿ ಒಂದು ಕಂಬ ತೆಂಗಿನ ಮರ,
ಒಂದು ಗರಿಕೆ.

ಹಗಲು ಪಾಳಿ ಧರಣೇಂದ್ರಯ್ಯನವರದು.
ಹೊತ್ತು ಮುಳುಗುವ ಮೊದಲೇ ಉಣ್ಣಬೇಕಾದವರು,
ಐದಕ್ಕೇ ಹೊರಡುತ್ತಾರೆ. ನಾನು ಬರುವುದು ಒಂಬತ್ತಕ್ಕೆ.
ಒಂದೇ ಕುರ್ಚಿ, ನಾಲ್ಕು ವರ್ಷ; ಮುಖ ನೋಡಿದ್ದು ಎರಡು ಸಲ.
ನಡುವೆ ಒಂದು ಲಾಗ್ ಪುಸ್ತಕ.
ಅವರು ಪೆನ್ಸಿಲಿನಲ್ಲೇ ಬರೆಯುತ್ತಾರೆ,
ಅಳಿಸುವುದಿದ್ದರೆ ಅಳಿಸಿಕೊಳ್ಳಲಿ ಎಂಬಂತೆ.
ಒಂಬತ್ತು ದಿನದ ಹಿಂದೆ, ನನ್ನ ಅಂಕಿಗಳ ಪಕ್ಕದಲ್ಲಿ:
"ನೋಡಿದ್ದು ಯಾರ ಗಡಿಯಾರ?"

ಗೋಡೆಯದು ಏಳು ನಿಮಿಷ ಮುಂದಿದೆ,
ಅದರ ಮಾತಿರಬೇಕು ಅಂದುಕೊಂಡು
ಪುಟ ಮಗುಚಿದ್ದೆ.

ಇಲ್ಲದ ಯಂತ್ರಕ್ಕೆ
ತನ್ನನ್ನು ಮಲಗಿಸಿದ್ದು ತಿಳಿಯುವುದಿಲ್ಲ.
ಮೇಲ್ವಿಚಾರಕ ಅದರ ಸರದಿ ಕಿತ್ತು ಇನ್ನೊಂದಕ್ಕೆ ಕೊಡುತ್ತಾನೆ;
ಅದರ ಕೈಗಡಿಯಾರವೂ ಅಲ್ಲೇ ನಿಲ್ಲುತ್ತದೆ.
ಎದ್ದಾಗ ಅದಕ್ಕೆ ಈಗಷ್ಟೇ ಕಣ್ಣು ಮಿಟುಕಿಸಿದ ನೆನಪು.
ನಾನು ಅಳೆದದ್ದು
ಎಚ್ಚರವಿದ್ದಷ್ಟನ್ನೇ.

ಹೊರಗಿನ ಗಡಿಯಾರ ಹಿಡಿದು ಮತ್ತೆ ಕೂತೆ.
ಹದಿನಾಲ್ಕು ಹತ್ತೊಂಬತ್ತಾಯಿತು, ತನ್ನ ಗಾಂಭೀರ್ಯ ಬಿಡದೆ.
ಎರಡು ಬಹುಪಾಲು ಎರಡೇ.
ಆದರೆ ಆಗೊಮ್ಮೆ ಈಗೊಮ್ಮೆ ನಲವತ್ತು ಸಾವಿರ.
ಬೀಗ ಹಿಡಿದವನನ್ನೇ ಮಲಗಿಸಿದ್ದಾರೆ,
ಕಾಯುವವನೂ ಬಾಗಿಲಲ್ಲೇ ಮಲಗಿದ್ದಾನೆ,
ಇಬ್ಬರ ಕೈಗಡಿಯಾರವೂ ಪ್ರಮಾಣ ಮಾಡಿ ಹೇಳುತ್ತವೆ:
ತಡವೇ ಆಗಲಿಲ್ಲ.
ಟವೆಲ್ಲಿನ ಅಡಿ ಬೆರಳು ಹಿಡಿದವನು ತೂಕಡಿಸಿದರೆ
ಎದುರಿನವನು ಕೈ ಎಳೆಯುವಂತಿಲ್ಲ;
ಎತ್ತು ಸಗಣಿ ಹಾಕಿಕೊಂಡು ನಿಂತಿರುತ್ತದೆ ಅಷ್ಟೆ.

ವರದಿಯಲ್ಲಿ ಆಕಳಿಕೆಯ ದಾರಿಯನ್ನೇ ಶಿಫಾರಸು ಮಾಡಿದೆ.
ಗರಿಕೆಯ ಗ್ರಾಫು ಹರಿದೆ, ಸ್ವಲ್ಪ ಸಂಕಟದಿಂದಲೇ.
ಲಾಗ್ ಪುಸ್ತಕದಲ್ಲಿ, ಪೆನ್ಸಿಲು ಹುಡುಕಿ, ಬರೆದೆ:
"ಪ್ರಶ್ನೆ ತಲುಪಿತು ಸರ್. ತಗುಲಿದ ಕಾಲ
ನಿಮ್ಮ ಗಡಿಯಾರದಲ್ಲಿ ಒಂಬತ್ತು ದಿನ.
ನನ್ನದರಲ್ಲಿ ಸೊನ್ನೆ."

ಮರುದಿನ ರಾತ್ರಿ ಅದರ ಕೆಳಗೆ
ಒಂದು ರೈಟು ಗುರುತು. ಆಮೇಲೆ:
"ಎರಡನೇ ಏಸಿ ಸೋರುತ್ತಿದೆ.
ಹನ್ನೆರಡಕ್ಕೊಮ್ಮೆ ಬಕೆಟ್ ಚೆಲ್ಲಿ."